ಬಾಡಿಗೆ ಡಬ್ಬಿಯ ಪ್ಲಗ್ಗೇ ಕೂಡದಿದ್ದರೆ ಹಿಂದಿನ ದೀಪ ಹತ್ತುವುದು ಹೇಗೆ?

ಮಾನ್ಯ ಸಂಪಾದಕರೇ,

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರ್ ಡಬ್ಬಿಗಳ, ಅಂದರೆ ಟ್ರೇಲರುಗಳ, ಹಿಂಬದಿ ದೀಪದ ಮಾತೂ ಶುರುವಾಗುತ್ತದೆ. ಚಾಲಕರಿಗೆ ಶಿಸ್ತಿಲ್ಲ ಎಂದು ಕೆಲವರು, ದಂಡ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು. ಕಾರ್ಖಾನೆಯವರು ರೇಡಿಯಂ ಪಟ್ಟಿ ಹಂಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಪಟ್ಟಿ ಬೇಕು, ಅದರಲ್ಲಿ ಎರಡು ಮಾತಿಲ್ಲ: ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಆದರೆ ಅದು ಹೊಳೆಯುವುದು ಹಿಂದಿನ ಗಾಡಿಯ ಹೆಡ್‌ಲೈಟ್ ನೇರ ಬಿದ್ದಾಗ ಮಾತ್ರ. ಮೇಲೆ ಧೂಳು ಕೂತು, ಕಬ್ಬಿನ ರವದಿ (ಒಣ ಎಲೆ) ಇಳಿಬಿದ್ದರೆ ಅದೂ ಇಲ್ಲ. ಚಾಲಕ ಬ್ರೇಕ್ ಒತ್ತಿದ್ದನ್ನಾಗಲಿ, ಹೊಲದ ದಾರಿಗೆ ತಿರುಗಲಿರುವುದನ್ನಾಗಲಿ ಯಾವ ಪಟ್ಟಿಯೂ ಹೇಳುವುದಿಲ್ಲ. ಅದಕ್ಕೆ ಉರಿಯುವ ದೀಪವೇ ಬೇಕು.

ದೀಪ ಏಕೆ ಉರಿಯುವುದಿಲ್ಲ ಎಂಬುದನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ನಮ್ಮ ಕಡೆಯ ಊರುಗಳಲ್ಲಿ ಟ್ರ್ಯಾಕ್ಟರ್ ಒಬ್ಬರದು, ಡಬ್ಬಿ ಇನ್ನೊಬ್ಬರದು. ಹಂಗಾಮಿನ ಲೆಕ್ಕದಲ್ಲಿ ಬಾಡಿಗೆಗೆ ತಂದ ಎರಡು ಡಬ್ಬಿಗಳಿಗೆ ಇಬ್ಬರು ಮಾಲೀಕರಿರುವುದೂ ಉಂಟು. ಇಂಡಿ ಕಡೆಯ ಕೆಎ-28 ಟ್ರ್ಯಾಕ್ಟರಿನ ಹಿಂದೆ ಎಂಎಚ್-10 ಡಬ್ಬಿ, ಅದರ ಹಿಂದೆ ಎಂಎಚ್-13 ಡಬ್ಬಿ. ಹುಕ್ಕು ಎಲ್ಲಕ್ಕೂ ಕೂಡುತ್ತದೆ, ಪಿನ್ನು ಬಡಿದರೆ ಗಾಡಿ ಹೊರಟಿತು. ವಾಯರಿನ ಪ್ಲಗ್ಗು ಮಾತ್ರ ಕೂಡುವುದಿಲ್ಲ. ಒಂದರಲ್ಲಿ ಏಳು ಪಿನ್ನಿನ ಸಾಕೆಟ್, ಇನ್ನೊಂದರಲ್ಲಿ ಮನೆಯಲ್ಲಿ ಹಾಕುವ ಮೂರು ಪಿನ್ನಿನ ಪ್ಲಗ್, ಮತ್ತೊಂದರಲ್ಲಿ ಪ್ಲಗ್ಗೇ ಇಲ್ಲದೆ ತಿರುಚಿ ಟೇಪ್ ಸುತ್ತಿದ ನಾಲ್ಕು ತುದಿ. ಪ್ಲಗ್ ಕೂಡಿದರೂ ಒಳಗಿನ ವಾಯರಿನ ಜೋಡಣೆ ಬೇರೆ ಬೇರೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದೆ ಬಲಗಡೆ ಮಿನುಗುತ್ತದೆ. ಚಾಲಕ ಎರಡು ದಿನ ನೋಡುತ್ತಾನೆ, ಮೂರನೆಯ ದಿನ ಪ್ಲಗ್ ಕಿತ್ತು ಡ್ರಾಬಾರಿಗೆ (ಡಬ್ಬಿಯನ್ನು ಎಳೆಯುವ ಮುಂದಿನ ಕಬ್ಬಿಣದ ತೋಳಿಗೆ) ಸುತ್ತಿಬಿಡುತ್ತಾನೆ. ತಪ್ಪು ದಿಕ್ಕು ತೋರಿಸುವ ದೀಪಕ್ಕಿಂತ ದೀಪವೇ ಇಲ್ಲದಿರುವುದು ಮೇಲು ಎಂಬ ಅವನ ಲೆಕ್ಕ ಪೂರ್ತಿ ತಪ್ಪೂ ಅಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಡಬ್ಬಿ ಬಾಡಿಗೆ ಮಾತಾಡುವಾಗ ಟೈರ್, ಬೇರಿಂಗ್, ಹುಕ್ಕು ನೋಡುವಂತೆ ಪ್ಲಗ್ಗನ್ನೂ ನೋಡಿ, ಏಳು ಪಿನ್ನಿನ ಒಂದೇ ಜೋಡಣೆಗೆ ಎಲ್ಲರೂ ಬರಬೇಕು. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. 12 ವೋಲ್ಟ್ ಗಾಡಿಗಳ ಏಳು ಪಿನ್ ಸಾಕೆಟ್‌ಗೆ ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಅದರ ಕ್ರಮ ಹೀಗೆ: 1ನೇ ಪಿನ್ ಎಡ ಇಂಡಿಕೇಟರ್, ಹಳದಿ ವಾಯರ್. 2 ಹಿಂಬದಿ ಮಂಜು ದೀಪಕ್ಕೆ, ನೀಲಿ. ನಮ್ಮಲ್ಲಿ ಇದು ಖಾಲಿಯೇ ಇರುತ್ತದೆ. 3 ಅರ್ಥಿಂಗ್ (ಕರೆಂಟು ವಾಪಸ್ ಹೋಗುವ ದಾರಿ), ಬಿಳಿ. 4 ಬಲ ಇಂಡಿಕೇಟರ್, ಹಸಿರು. 5 ಬಲಗಡೆಯ ಪಾರ್ಕಿಂಗ್ ದೀಪ (ರಾತ್ರಿ ಹಿಂದೆ ಉರಿಯುವ ಕೆಂಪು ದೀಪ), ಕಂದು. 6 ಬ್ರೇಕ್ ದೀಪ, ಕೆಂಪು. 7 ಎಡಗಡೆಯ ಪಾರ್ಕಿಂಗ್ ದೀಪ, ಕಪ್ಪು. ನಂಬರ್ ಪ್ಲೇಟಿನ ದೀಪವನ್ನು 5 ಅಥವಾ 7ರಿಂದ ತೆಗೆದುಕೊಳ್ಳಬಹುದು. ಇದನ್ನು ಕತ್ತರಿಸಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಟ್ಟುಕೊಂಡರೆ ಹಂಗಾಮಿಡೀ ಸಾಕು.

ಬಣ್ಣ ನಂಬಿ ಮಾತ್ರ ಕೆಲಸ ಮಾಡಬೇಡಿ. ಊರಲ್ಲಿ ಕಟ್ಟಿದ ಡಬ್ಬಿಗಳಿಗೆ ಆ ದಿನ ಅಂಗಡಿಯಲ್ಲಿ ಸಿಕ್ಕ ಬಣ್ಣದ ವಾಯರ್ ಹಾಕಿರುತ್ತಾರೆ. ಬಿಳಿ ವಾಯರ್ ಅರ್ಥಿಂಗೇ ಆಗಿರಬೇಕೆಂದೇನೂ ಇಲ್ಲ. ಪಿನ್ನಿನ ಸ್ಥಾನ ನೋಡಿ ಜೋಡಿಸುವುದು ಇನ್ನೂ ಕೆಟ್ಟದ್ದು. ಎಡ-ಬಲ ಅದಲುಬದಲಾಗುವುದು ಹೆಚ್ಚಾಗಿ ಇಲ್ಲೇ. ಪ್ಲಗ್ಗನ್ನು ಮುಂದಿನಿಂದ ನೋಡಿದಾಗ ಎಡಕ್ಕಿರುವ ಪಿನ್, ವಾಯರ್ ಬಿಗಿಯಲು ಹಿಂದಿನಿಂದ ತೆರೆದಾಗ ಬಲಕ್ಕೆ ಬಂದಿರುತ್ತದೆ. ಸಾಕೆಟ್ಟಿಗೂ ಪ್ಲಗ್ಗಿಗೂ ಇದೇ ಸಂಬಂಧ, ಒಂದರ ಕನ್ನಡಿ ಬಿಂಬ ಇನ್ನೊಂದು. ಪ್ರತಿ ಸ್ಕ್ರೂ ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲೇ ಎದ್ದುಬಂದ ಸಣ್ಣ ಅಂಕಿ ಇರುತ್ತದೆ. ಹಳೆಯದಾದರೆ ಗ್ರೀಸಿನಲ್ಲಿ ಮುಚ್ಚಿಹೋಗಿರುತ್ತದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಆ ಅಂಕಿಯೊಂದೇ ಆಧಾರ.

ಅಂಕಿಯೂ ಮೋಸ ಮಾಡುವ ಒಂದು ಸಂದರ್ಭವಿದೆ. ಗುಜರಿಯಿಂದ ಲಾರಿಯ ಸಾಕೆಟ್ ತಂದು ಹಾಕಿದಾಗ. ಲಾರಿಗಳದು 24 ವೋಲ್ಟ್, ಅವುಗಳ ಏಳು ಪಿನ್ನಿಗೆ ಐಎಸ್‌ಒ 1185 ಎಂಬ ಬೇರೆಯೇ ಮಾನಕ. ಅಲ್ಲಿ 1ನೇ ಪಿನ್ ಅರ್ಥಿಂಗ್, 3 ಎಡ ಇಂಡಿಕೇಟರ್, 4 ಬ್ರೇಕ್, 5 ಬಲ ಇಂಡಿಕೇಟರ್. ಟ್ರ್ಯಾಕ್ಟರಿನದು 3ರಲ್ಲಿ ಅರ್ಥಿಂಗ್. ಇವೆರಡನ್ನು ಬೆರೆಸಿದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಲಾರಿಯ ಭಾಗ ಗಟ್ಟಿ, ಬಾಳಿಕೆ ಬರುತ್ತದೆ ಎಂಬ ಆಸೆ ಬಿಟ್ಟು 12 ವೋಲ್ಟಿನದೇ ಹೊಸ ಜೋಡಿ ಕೊಂಡುಕೊಳ್ಳಿ. ಕೆಲವು ನೂರು ರೂಪಾಯಿಯ ಮಾತು.

ಇನ್ನು ಅರ್ಥಿಂಗ್. ನಮ್ಮ ಕೈಗೆ ಬರುವ ಡಬ್ಬಿಗಳ ದೀಪದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಬಹಳ ಡಬ್ಬಿಗಳಲ್ಲಿ 3ನೇ ಪಿನ್ನಿಗೆ ವಾಯರೇ ಇರುವುದಿಲ್ಲ. ಹುಕ್ಕು ಕಬ್ಬಿಣ, ಪಿನ್ನು ಕಬ್ಬಿಣ, ಕರೆಂಟು ಅದರಲ್ಲೇ ವಾಪಸ್ ಹೋಗುತ್ತದೆ ಎಂಬ ನಂಬಿಕೆ. ಗಾಡಿ ನಿಂತಿದ್ದಾಗ ಹೋಗುತ್ತದೆ ಕೂಡ, ಅದಕ್ಕೇ ಗ್ಯಾರೇಜಿನಲ್ಲಿ ಎಲ್ಲ ಸರಿ ಕಾಣುತ್ತದೆ. ರಸ್ತೆಗೆ ಬಂದ ಮೇಲೆ ಹುಕ್ಕಿನಲ್ಲಿ ಪಿನ್ನು ಕುಣಿಯುತ್ತದೆ, ನಡುವೆ ಗ್ರೀಸು, ತುಕ್ಕು, ಮಣ್ಣು. ಸಂಪರ್ಕ ಕ್ಷಣಕ್ಕೊಮ್ಮೆ ತಪ್ಪುತ್ತದೆ. ಹಾಗೆ ತಪ್ಪಿದಾಗ ಕರೆಂಟು ಸುಮ್ಮನಿರುವುದಿಲ್ಲ, ಬೇರೆ ಬಲ್ಬಿನ ತಂತಿಯೊಳಗಿಂದ ಹಾದು ಟ್ರ್ಯಾಕ್ಟರ್ ಕಡೆಗೆ ಹೋಗಲು ನೋಡುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರುಗಳೂ ಮಂಕಾಗಿ ಹತ್ತುವುದು, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಅದರ ತಾಳಕ್ಕೆ ಮಿಣುಕುವುದು, ಹೆಡ್‌ಲೈಟ್ ಹಾಕಿದ ಕೂಡಲೇ ಇಂಡಿಕೇಟರ್ ಕೆಡುವುದು, ಇವೆಲ್ಲ ಅರ್ಥಿಂಗ್ ಇಲ್ಲದ ಲಕ್ಷಣಗಳು. ಇಂಥ ಡಬ್ಬಿಗೆ ಬಲ್ಬ್ ಬದಲಿಸುತ್ತ ಕೂರುವುದು ದುಡ್ಡು ದಂಡ. 3ನೇ ಪಿನ್ನಿನಿಂದ 2.5 ಚದರ ಮಿಲಿಮೀಟರ್ ದಪ್ಪದ ವಾಯರ್ ಎಳೆದು ಪ್ರತಿ ದೀಪದ ಹೋಲ್ಡರಿಗೂ ಕೊಡಬೇಕು. ಡಬ್ಬಿಯ ಚಾಸಿಗೂ ಒಂದು ಕಡೆ ಬಣ್ಣ ಕೆರೆದು ಬೋಲ್ಟ್ ಹಾಕಿ ಬಿಗಿಯಬೇಕು. ಉಳಿದ ವಾಯರುಗಳು 1.5 ಇದ್ದರೆ ಸಾಕು. ಅರ್ಥಿಂಗ್ ಮಾತ್ರ ದಪ್ಪ ಏಕೆಂದರೆ ಎಲ್ಲ ದೀಪಗಳ ಕರೆಂಟು ವಾಪಸ್ ಬರುವ ದಾರಿ ಅದೊಂದೇ. ಬ್ರೇಕಿನ ಎರಡು ಬಲ್ಬ್ 42 ವ್ಯಾಟ್, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿದರೆ ಡಬ್ಬಿಯ ಎರಡಕ್ಕೆ ಇನ್ನು 42, ಪಾರ್ಕಿಂಗ್ ಮತ್ತು ನಂಬರ್ ಪ್ಲೇಟಿಗೆ 15. ಹತ್ತಿರ ಹತ್ತಿರ 100 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 8 ಆಂಪಿಯರಿಗೂ ಮೇಲೆ, ಒಂದೇ ಡಬ್ಬಿಗೆ.

ಪಾರ್ಕಿಂಗ್ ದೀಪಕ್ಕೆ ಎರಡು ಪಿನ್ ಇರುವುದರಿಂದ ಆಗುವ ಎಡವಟ್ಟು ಒಂದಿದೆ, ಅದು ಚಿಕ್ಕದಲ್ಲ. ಬಹಳ ಟ್ರ್ಯಾಕ್ಟರುಗಳಲ್ಲಿ ಪಾರ್ಕಿಂಗಿಗೆ ಬರುವುದು ಒಂದೇ ವಾಯರ್. ಅದನ್ನು 7ಕ್ಕೆ ಬಿಗಿದು 5ನ್ನು ಖಾಲಿ ಬಿಟ್ಟರೆ, ಸರಿಯಾದ ಜೋಡಣೆಯ ಡಬ್ಬಿ ಸಿಕ್ಕಿಸಿದಾಗ ಎಡಗಡೆಯ ಕೆಂಪು ದೀಪ ಮಾತ್ರ ಉರಿಯುತ್ತದೆ. ರಾತ್ರಿ ಹಿಂದಿನಿಂದ ಬರುವವನಿಗೆ ಅದು ರಸ್ತೆಯ ಅಂಚಿನಲ್ಲಿ ಹೊರಟ ಬೈಕು. ಬಲಕ್ಕೆ ಜಾಗ ಇದೆ ಎಂದುಕೊಂಡು ಅವನು ನೇರ ಡಬ್ಬಿಯ ಬಲ ಮೂಲೆಗೇ ಬರುತ್ತಾನೆ. ಟ್ರ್ಯಾಕ್ಟರಿನ ಸಾಕೆಟ್ಟಿನೊಳಗೆ 5ರಿಂದ 7ಕ್ಕೆ ಒಂದು ಬೆರಳುದ್ದದ ತುಂಡು ವಾಯರ್ ಹಾಕಿದರೆ ಮುಗಿಯಿತು.

2ನೇ ಪಿನ್ ಖಾಲಿ ಎಂದೆವು. ಕೆಲವರು ರಾತ್ರಿ ಕಬ್ಬು ತುಂಬುವ ದೀಪಕ್ಕೆ ಅದರಲ್ಲಿ ನೇರ ಬ್ಯಾಟರಿ ಕರೆಂಟು ಕೊಟ್ಟಿರುತ್ತಾರೆ, ಇನ್ನು ಕೆಲವರು ಅದನ್ನೇ ಎರಡನೇ ಅರ್ಥಿಂಗ್ ಮಾಡಿಕೊಂಡಿರುತ್ತಾರೆ. ಅಂಥ ಟ್ರ್ಯಾಕ್ಟರಿಗೆ ಇಂಥ ಡಬ್ಬಿ ಸಿಕ್ಕಿಸಿದ ತಕ್ಷಣ ಶಾರ್ಟ್. ಬಾಡಿಗೆಗೆ ಕೊಡುವ, ತರುವ ಗಾಡಿಗಳಲ್ಲಿ 2ನ್ನು ಖಾಲಿಯೇ ಬಿಡುವುದು ಒಳ್ಳೆಯದು.

ಮುಂಗಡ ಕೊಡುವ ಮೊದಲು ಪರೀಕ್ಷೆ ಮಾಡಿಕೊಳ್ಳಲು ಬೇಕಾದದ್ದು 12 ವೋಲ್ಟಿನ 21 ವ್ಯಾಟ್ ಬಲ್ಬ್, ಒಂದು ಹೋಲ್ಡರ್, ಎರಡು ಮೀಟರ್ ವಾಯರ್, ಒಂದು ತುದಿಗೆ ಕ್ಲಿಪ್, ಇನ್ನೊಂದಕ್ಕೆ ಮೊಳೆ. ಮಲ್ಟಿಮೀಟರ್ ಇದ್ದರೂ ಇದಕ್ಕೆ ಬೇಡ. ವಾಯರಿನೊಳಗಿನ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟಿನ ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ. ಒಂದೆಳೆಯ ವಾಯರಿನಲ್ಲಿ ಅದು ಮಂಕಾಗಿ ತನ್ನ ಕಥೆ ತಾನೇ ಹೇಳುತ್ತದೆ.

ಮೊದಲು ಟ್ರ್ಯಾಕ್ಟರ್. ಕ್ಲಿಪ್ಪನ್ನು ಸಾಕೆಟ್ಟಿನ 3ನೇ ಪಿನ್ನಿಗೇ ಹಾಕಿ, ಚಾಸಿಗಲ್ಲ. ಚಾಸಿಗೆ ಹಾಕಿದರೆ ಬಲ್ಬ್ ಹತ್ತೀತು, 3ರ ವಾಯರ್ ಕಡಿದಿರುವುದು ಗೊತ್ತಾಗದೆ ಹೋದೀತು. ಪಾರ್ಕಿಂಗ್ ಸ್ವಿಚ್ ಹಾಕಿ 5 ಮತ್ತು 7 ಮುಟ್ಟಿ, ಎರಡರಲ್ಲೂ ಹತ್ತಬೇಕು. ಎಡ ಇಂಡಿಕೇಟರಿಗೆ 1, ಬಲಕ್ಕೆ 4. ಒಬ್ಬರು ಬ್ರೇಕ್ ಒತ್ತಿದಾಗ 6. ಟ್ರ್ಯಾಕ್ಟರಿನಲ್ಲಿ ಎಡ-ಬಲ ಬ್ರೇಕ್ ಪೆಡಲ್ ಬೇರೆ ಬೇರೆ ಇರುತ್ತವೆ, ದೀಪದ ಸ್ವಿಚ್ ಒಂದೇ ಪೆಡಲಿಗೆ ಇರುವುದುಂಟು. ರಸ್ತೆಯ ಮೇಲೆ ಎರಡನ್ನೂ ಕೂಡಿಸುವ ಕೊಂಡಿ ಹಾಕಿರಲೇಬೇಕು. ಪರೀಕ್ಷೆಯನ್ನೂ ಕೊಂಡಿ ಹಾಕಿಯೇ ಮಾಡಿ.

ನಂತರ ಡಬ್ಬಿ, ಟ್ರ್ಯಾಕ್ಟರಿಗೆ ಸಿಕ್ಕಿಸದೆ, ಒಂಟಿಯಾಗಿ. 12 ವೋಲ್ಟಿನ ಬ್ಯಾಟರಿಯ ಮೈನಸ್ಸನ್ನು ಪ್ಲಗ್ಗಿನ 3ಕ್ಕೆ ಕೊಟ್ಟು, ಪ್ಲಸ್ಸಿನಿಂದ ಬರುವ ವಾಯರಿಗೆ 10 ಆಂಪಿಯರ್ ಫ್ಯೂಸ್ ಹಾಕಿಕೊಂಡು 1, 4, 5, 6, 7ನ್ನು ಒಂದೊಂದಾಗಿ ಮುಟ್ಟಿ. ಒಮ್ಮೆಗೆ ಆ ಪಿನ್ನಿನ ದೀಪ ಮಾತ್ರ ಹತ್ತಬೇಕು. ಬೇರೆ ಯಾವುದಾದರೂ ಜೊತೆಗೆ ಮಿಣುಕಿದರೆ ಅರ್ಥಿಂಗ್ ಇಲ್ಲವೇ ಹೋಲ್ಡರ್ ಕೆಟ್ಟಿದೆ. ಫ್ಯೂಸ್ ಹಾರಿದರೆ ವಾಯರ್ ಎಲ್ಲೋ ಚಾಸಿಗೆ ತಾಗಿದೆ. ಹಾಗೆ ತಾಗುವುದು ಸಾಮಾನ್ಯವಾಗಿ ಮೂರು ಕಡೆ: ಡ್ರಾಬಾರ್ ಚಾಸಿಗೆ ಸೇರುವ ಮೂಲೆ, ಹೈಡ್ರಾಲಿಕ್ ಡಬ್ಬಿಯಾದರೆ ಹಿಂದೆ ಮಗುಚುವ ಕೀಲಿನ ಬಳಿ, ಮತ್ತು ದೀಪದ ಹಿಂದೆ ವಾಯರ್ ತೂರಿಸಿದ ತೂತು. ಆ ತೂತಿಗೆ ರಬ್ಬರ್ ಬುಷ್ ಹಾಕಿರುವ ಡಬ್ಬಿ ಸಿಕ್ಕರೆ ಅದರ ಮಾಲೀಕನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳಬಹುದು, ಉಳಿದದ್ದನ್ನೂ ಅವನು ಸರಿಯಾಗಿಯೇ ಇಟ್ಟಿರುತ್ತಾನೆ. ಟ್ರ್ಯಾಕ್ಟರ್, ಡಬ್ಬಿ ಎರಡನ್ನೂ ಹೀಗೆ ಬೇರೆ ಬೇರೆ ನೋಡಿಟ್ಟುಕೊಂಡರೆ ಮುಂದೆ ದೀಪ ಕೆಟ್ಟಾಗ ನಿನ್ನದು ನನ್ನದು ಎಂಬ ಜಗಳಕ್ಕೆ ಎಡೆಯಿಲ್ಲ.

ಡಬ್ಬಲ್ ಡಬ್ಬಿಯದು ಬೇರೆಯೇ ಲೆಕ್ಕ. ಎರಡು ಜಗ್ಗುವುದು ಸರಿಯೇ ತಪ್ಪೇ ಎಂಬ ವಾದ ಬೇರೆ ಇರಲಿ, ಜಗ್ಗುತ್ತಿರುವುದಂತೂ ಕಣ್ಣೆದುರಿಗಿದೆ. ರಸ್ತೆಯಲ್ಲಿ ಹಿಂದಿನವರಿಗೆ ಕಾಣುವುದು ಕೊನೆಯ ಡಬ್ಬಿಯ ದೀಪ ಮಾತ್ರ, ಮೊದಲನೆಯದರಲ್ಲಿ ಎಷ್ಟು ದೀಪ ಉರಿದರೂ ಅದು ಎರಡನೆಯದರ ಮರೆಗೆ. ಮೊದಲ ಡಬ್ಬಿಯ ಹಿಂಬದಿಗೆ ಸಾಕೆಟ್ಟೇ ಇಲ್ಲದಿದ್ದರೆ ಎರಡನೆಯದಕ್ಕೆ ಕರೆಂಟು ಎಲ್ಲಿಂದ? ಬಾಡಿಗೆಗೆ ತರುವಾಗ ಇದನ್ನು ಮೊದಲು ನೋಡಿ. ಸಾಕೆಟ್ ಇದ್ದರೂ, ಮೊದಲ ಡಬ್ಬಿಯ ದೀಪದ ಹೋಲ್ಡರಿನಿಂದ ಚಿವುಟಿ ತೆಗೆದ ತೆಳು ವಾಯರಿನಲ್ಲಿ ಅದಕ್ಕೆ ಕರೆಂಟು ಕೊಟ್ಟಿರುತ್ತಾರೆ. ಹಾಗಲ್ಲ, ಮುಂದಿನ ಪ್ಲಗ್ಗಿನಿಂದ ಹಿಂದಿನ ಸಾಕೆಟ್ಟಿಗೆ ಏಳು ವಾಯರಿನ ಕೇಬಲ್ ನೇರ ಹೋಗಬೇಕು. ನಡುವೆ ನೀರು ಹೋಗದ ಜಂಕ್ಷನ್ ಪೆಟ್ಟಿಗೆಯಿಂದ ಮೊದಲ ಡಬ್ಬಿಯ ದೀಪಗಳಿಗೆ ಕವಲು ತೆಗೆಯಬೇಕು.

ತೆಳು ವಾಯರಿನ ಪರಿಣಾಮ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಬ್ಯಾಟರಿಯಿಂದ ಎರಡನೇ ಡಬ್ಬಿಯ ಹಿಂಬದಿಗೆ ವಾಯರ್ ಸುಮಾರು 15 ಮೀಟರ್ ಎಂದಿಟ್ಟುಕೊಳ್ಳೋಣ. 0.5 ಚದರ ಮಿಲಿಮೀಟರ್ ತಾಮ್ರದ ವಾಯರಾದರೆ ಹೋಗುವ ದಾರಿಯಲ್ಲಿ ಅರ್ಧ ಓಮ್ ತಡೆ, ಬರುವ ದಾರಿಯಲ್ಲಿ ಇನ್ನರ್ಧ. ಎರಡು ಬ್ರೇಕ್ ಬಲ್ಬ್ 3.5 ಆಂಪಿಯರ್ ಎಳೆದಾಗ 3 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಹೋಯಿತು. ಬಲ್ಬಿಗೆ ಸಿಗುವುದು 9 ವೋಲ್ಟಿಗೂ ಕಡಿಮೆ. ತಂತಿಯ ಬಲ್ಬಿನಲ್ಲಿ ವೋಲ್ಟ್ ಕಾಲು ಭಾಗ ಇಳಿದರೆ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಅದೇ 1.5ರ ವಾಯರ್, 2.5ರ ಅರ್ಥಿಂಗ್ ಆದರೆ ಹೋಗುವುದು ಒಂದು ವೋಲ್ಟ್ ಮಾತ್ರ.

ಎರಡು ಡಬ್ಬಿಯಾದರೆ ಟ್ರ್ಯಾಕ್ಟರಿನ ಬ್ರೇಕ್ ಸ್ವಿಚ್ಚಿಗೂ ಭಾರ. ಟ್ರ್ಯಾಕ್ಟರಿನದೇ ಎರಡು ಬಲ್ಬ್, ಡಬ್ಬಿಗಳವು ನಾಲ್ಕು, ಒಟ್ಟು 126 ವ್ಯಾಟ್, ಹತ್ತೂವರೆ ಆಂಪಿಯರ್. 10ರ ಫ್ಯೂಸ್ ಹಾರಬಹುದು. ಆಗ ಫ್ಯೂಸಿನ ಜಾಗಕ್ಕೆ ವಾಯರ್ ತುಂಡೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯೋ ಸುತ್ತುತ್ತಾರೆ, ಮುಂದಿನ ಸಲ ಹಾರಲು ಫ್ಯೂಸ್ ಇಲ್ಲದೆ ವಾಯರಿಂಗ್ ಸುಡುತ್ತದೆ. ಇದಕ್ಕೆ 12 ವೋಲ್ಟಿನ ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಸಾಕು. 86ನೇ ಕಾಲಿಗೆ ಟ್ರ್ಯಾಕ್ಟರಿನ ಬ್ರೇಕ್ ದೀಪದ ವಾಯರ್, 85ಕ್ಕೆ ಅರ್ಥಿಂಗ್, 30ಕ್ಕೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ಬಂದ ವಾಯರ್, 87ರಿಂದ ಸಾಕೆಟ್ಟಿನ 6ನೇ ಪಿನ್ನಿಗೆ. ಫ್ಯೂಸ್ ಬ್ಯಾಟರಿಯ ಹತ್ತಿರ, ಒಂದು ಗೇಣಿನೊಳಗೆ ಇರಲಿ. ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ಕೂಡ ನೋಡಿ. ಒಂದು ಬದಿಗೆ ಟ್ರ್ಯಾಕ್ಟರಿನ ಎರಡು, ಡಬ್ಬಿಗಳ ಎರಡು, ಒಟ್ಟು ನಾಲ್ಕು ಬಲ್ಬ್. ಎರಡೇ ಬಲ್ಬಿಗೆ ಮಾಡಿದ ಹಳೆಯ ಬಿಸಿ ತಂತಿಯ ಫ್ಲಾಷರ್ ಇಷ್ಟು ಭಾರಕ್ಕೆ ಪಟಪಟನೆ ಬಡಿದು ಬೇಗ ಸುಡುತ್ತದೆ. 2+1+1×21 ವ್ಯಾಟ್ ಎಂದು ಮೈಮೇಲೆ ಬರೆದ ಫ್ಲಾಷರ್ ಕೇಳಿ ತನ್ನಿ. ಟ್ರ್ಯಾಕ್ಟರಿಗೆ ಎರಡು ಬಲ್ಬ್, ಡಬ್ಬಿಗೊಂದೊಂದು ಎಂದು ಅದರ ಅರ್ಥ. ಡಬ್ಬಿಯ ಇಂಡಿಕೇಟರ್ ಕೆಟ್ಟರೆ ಮೀಟರ್ ಬೋರ್ಡಿನಲ್ಲಿ ತೋರಿಸಲು ಅದರಲ್ಲಿ ಬೇರೆ ಕಾಲುಗಳೂ ಇರುತ್ತವೆ. ಒಂದು ಸಣ್ಣ ಬಲ್ಬ್ ಜೋಡಿಸಿಕೊಂಡರೆ ಹಿಂದೆ ಏನಾಗಿದೆ ಎಂದು ಚಾಲಕನಿಗೆ ಕೂತಲ್ಲೇ ಗೊತ್ತಾಗುತ್ತದೆ.

ಎಲ್‌ಇಡಿ ಹಾಕಿದರೆ ಈ ಭಾರದ ತಲೆನೋವೇ ಬಹುಪಾಲು ಹೋಗುತ್ತದೆ, ನಮ್ಮ ಮತವೂ ಅದಕ್ಕೇ. ಆದರೆ ಎರಡು ಸಂಗತಿ. ಬಲ್ಬ್ ಕೆಟ್ಟಿದ್ದನ್ನು ಗುರುತಿಸುವ ಫ್ಲಾಷರಿಗೆ ಎಲ್‌ಇಡಿಯ ಕಡಿಮೆ ಭಾರ ಬಲ್ಬ್ ಸುಟ್ಟಂತೆ ಕಂಡು ದುಪ್ಪಟ್ಟು ವೇಗದಲ್ಲಿ ಮಿನುಗುತ್ತದೆ, ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಬೇಕು. ಎರಡನೆಯದು, ಎಲ್‌ಇಡಿಗೆ ಪ್ಲಸ್ ಮೈನಸ್ ಭೇದವಿದೆ, ಉಲ್ಟಾ ಕೊಟ್ಟರೆ ಹತ್ತುವುದಿಲ್ಲ.

ಬಲ್ಬ್ ಕೊಳ್ಳುವಾಗಲೂ ಕಣ್ಣಿರಲಿ. ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಲಾರಿಯ 24 ವೋಲ್ಟ್ ಬಲ್ಬ್ ಕೈಗೆ ಬರುವುದು ಸುಲಭ, ನೋಡಲು ಎರಡೂ ಒಂದೇ. 12ರಲ್ಲಿ ಅದು ಹತ್ತುತ್ತದೆ, ಆದರೆ ಹತ್ತನೇ ಒಂದು ಪಾಲು ಬೆಳಕಿನಲ್ಲಿ. ಹಿತ್ತಾಳೆಯ ಬುಡದಲ್ಲಿ ಒತ್ತಿರುವ ಅಂಕಿ ಓದಿಯೇ ಹಾಕಿ. ಪಾರ್ಕಿಂಗ್, ಬ್ರೇಕ್ ಎರಡೂ ಇರುವ 21/5 ವ್ಯಾಟಿನ ಬಲ್ಬಿನ ಬದಿಯ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ, ಅದು ಒಂದೇ ರೀತಿ ಕೂರಲೆಂದು ಹಾಗೆ ಮಾಡಿದ್ದು. ಅದನ್ನು ತಿರುಗಿಸಿ ಒತ್ತಿ ಕೂರಿಸಿದರೆ ಪಾರ್ಕಿಂಗ್ ದೀಪ ಪ್ರಖರ, ಬ್ರೇಕ್ ಒತ್ತಿದರೆ ವ್ಯತ್ಯಾಸವೇ ಇಲ್ಲ. ಇನ್ನು ಆ ಹೋಲ್ಡರಿಗೆ ಒಂಟಿ ತಂತಿಯ ಬಲ್ಬ್ ಹಾಕಿದರೆ ಬುಡದ ಒಂದೇ ಬೊಟ್ಟು ಎರಡೂ ಸಂಪರ್ಕಗಳನ್ನು ಮುಟ್ಟುತ್ತದೆ; ಬ್ರೇಕ್ ಒತ್ತಿದಾಗ ಪಾರ್ಕಿಂಗ್ ದೀಪಗಳೆಲ್ಲ, ಮೀಟರ್ ಬೋರ್ಡಿನ ದೀಪವೂ ಸೇರಿ, ಹತ್ತುತ್ತವೆ. ವಾಯರಿಂಗ್ ಕೆಟ್ಟಿದೆ ಎಂದು ಇಡೀ ಗಾಡಿ ಬಿಚ್ಚುವ ಮೊದಲು ಬಲ್ಬ್ ಬಿಚ್ಚಿ ನೋಡಿ.

ಪ್ಲಗ್ಗಿನೊಳಗಿನ ಕೆಲಸ ಚೊಕ್ಕಟವಾಗಿರಬೇಕು. ವಾಯರಿನ ಸಿಪ್ಪೆ 6-7 ಮಿಲಿಮೀಟರ್ ಮಾತ್ರ ಸುಲಿಯಿರಿ. ಹೆಚ್ಚು ಸುಲಿದರೆ ಹೊರಗುಳಿದ ಒಂದು ಎಳೆ ಪಕ್ಕದ ಸ್ಕ್ರೂ ಮುಟ್ಟಿ ಎಡ ಇಂಡಿಕೇಟರಿಗೆ ಬ್ರೇಕೂ ಸೇರಿಕೊಳ್ಳುತ್ತದೆ. ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವವರಿದ್ದಾರೆ, ಗಟ್ಟಿಯೆಂದು. ಸೀಸ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನವಾಗಿ ಹರಡಿ ಸ್ಕ್ರೂ ಸಡಿಲಾಗುತ್ತದೆ. ಬೆಸುಗೆ ಮುಗಿಯುವ ಜಾಗದಲ್ಲೇ ಅಲುಗಾಟಕ್ಕೆ ವಾಯರ್ ಕಡಿಯುತ್ತದೆ. ಬದಲಿಗೆ ತಾಮ್ರದ ಸಣ್ಣ ಕೊಳವೆ ಟೋಪಿ ಹಾಕಿ ಒತ್ತಿ ಬಿಗಿಯಿರಿ. ಹೊರಬರುವ ಕೇಬಲ್ಲನ್ನು ಹಿಡಿಯುವ ಕ್ಲಾಂಪ್ ಬಿಟ್ಟುಬಿಡಬೇಡಿ. ಪ್ಲಗ್ ಕೀಳುವಾಗ ಎಲ್ಲರೂ ಹಿಡಿದೆಳೆಯುವುದು ಕೇಬಲ್ಲನ್ನೇ. ಹಸಿರು ಕಿಲುಬು ಹಿಡಿದ ಪಿನ್ನುಗಳನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಗ್ರೀಸು ತುಂಬಿಸಿದರೆ ರಸ್ತೆಯ ಧೂಳೆಲ್ಲ ಒಳಗೆ ಅಂಟುತ್ತದೆ. ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗ್ ಹೋಗಿದ್ದರೆ ಹಳೆಯ ಟ್ಯೂಬಿನ ತುಂಡನ್ನು ಟೋಪಿಯಂತೆ ಏರಿಸಿ. ಬಿಚ್ಚಿದ ಪ್ಲಗ್ಗನ್ನು ಬಾಯಿ ಕೆಳಗೆ ಮಾಡಿ ತೂಗಿಹಾಕಿ, ನೀರು ನಿಲ್ಲುವುದಿಲ್ಲ.

ಕೇಬಲ್ಲಿನ ಉದ್ದವನ್ನು ನೇರ ನಿಲ್ಲಿಸಿ ಅಳೆಯಬಾರದು. ಡಬ್ಬಿ ಸಿಕ್ಕಿಸಿ, ಟ್ರ್ಯಾಕ್ಟರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡರಲ್ಲೂ ಒಂದು ಗೇಣು ಸಡಿಲ ಉಳಿಯುವಂತೆ ಕತ್ತರಿಸಿ. ನಡುವೆ ಜೋತು ನೆಲಕ್ಕೆ ಉಜ್ಜದಂತೆ ಒಂದು ಸಣ್ಣ ಸ್ಪ್ರಿಂಗಿನಿಂದ ಡ್ರಾಬಾರಿನ ಮೇಲಕ್ಕೆ ಎತ್ತಿ ಕಟ್ಟಿ. ಹುಕ್ಕಿನ ಪಿನ್ನಿಗೆ ಮಾತ್ರ ಕಟ್ಟಬೇಡಿ, ಒಂದೇ ತಿರುವಿನಲ್ಲಿ ಕತ್ತರಿಸಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಹಂಗಾಮಿನ ನಡುವೆ ಡಬ್ಬಿ ಬದಲಾಗುತ್ತದೆ. ಟೈರ್ ಒಡೆಯುತ್ತದೆ, ಮಾಲೀಕ ತನ್ನದನ್ನು ವಾಪಸ್ ಕೇಳುತ್ತಾನೆ, ಕಾರ್ಖಾನೆಯ ಯಾರ್ಡಿನಲ್ಲಿ ಸಾಲು ದೊಡ್ಡದಾಗಿ ತುಂಬಿದ ಡಬ್ಬಿ ಬಿಟ್ಟು ಖಾಲಿ ಬೇರೆಯದನ್ನು ಎಳೆದುಕೊಂಡು ಬರಬೇಕಾಗುತ್ತದೆ. ಹಾಗಾಗಿ ಬಾಡಿಗೆ ಡಬ್ಬಿಯನ್ನೇ ನಂಬಿದ ಟ್ರ್ಯಾಕ್ಟರ್ ಮಾಲೀಕರು ದೀಪದ ಪಟ್ಟಿಯೊಂದನ್ನು ತಮ್ಮದೇ ಮಾಡಿಸಿಟ್ಟುಕೊಳ್ಳುವುದು ಒಳಿತು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಡಬ್ಬಿಯ ಅಗಲಕ್ಕೆ ಸರಿಯಾದ ಕಬ್ಬಿಣದ ಆ್ಯಂಗಲ್, ಎರಡು ತುದಿಗೆ ಎಲ್‌ಇಡಿಯ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಒಟ್ಟಿಗಿರುವ ದೀಪ, ನಡುವೆ ನಂಬರ್ ಪ್ಲೇಟಿಗೊಂದು ಬಿಳಿ ದೀಪ, ಹಿಂದೆ ಎರಡು ಕೊಕ್ಕೆ, ಏಳು ವಾಯರಿನ ಉದ್ದ ಕೇಬಲ್, ತುದಿಗೆ ನಿಮ್ಮ ಸಾಕೆಟ್ಟಿಗೆ ಕೂಡುವ ಪ್ಲಗ್. ಯಾವ ಡಬ್ಬಿ ಬಂದರೂ ಕೊನೆಯದರ ಹಿಂಬಾಗಿಲಿನ ಕೆಳಗಿನ ಅಡ್ಡಪಟ್ಟಿಗೆ ಸಿಕ್ಕಿಸಿ, ಕೇಬಲ್ಲನ್ನು ಚಾಸಿಯ ಬದಿಗೆ ಮೂರು-ನಾಲ್ಕು ಕಡೆ ಕಟ್ಟಿದರೆ ಡಬ್ಬಿಯ ಹಳೆಯ ವಾಯರಿಂಗಿನ ಗೊಡವೆಯೇ ಇಲ್ಲ. ಕಬ್ಬಿನ ತುದಿ ಹಿಂದಕ್ಕೆ ಚಾಚಿ ದೀಪ ಮುಚ್ಚದಂತೆ ಪಟ್ಟಿ ಒಂದಿಷ್ಟು ಹೊರಗೆ ನಿಲ್ಲಲಿ. ತುಂಬುವಾಗ, ಇಳಿಸುವಾಗ ಬಿಚ್ಚಿ ಟ್ರ್ಯಾಕ್ಟರ್ ಮೇಲಿಟ್ಟುಕೊಳ್ಳಬಹುದು, ಕಳ್ಳರ ಕಾಟವೂ ಕಡಿಮೆ. ಅಡಾಪ್ಟರ್ ವಾಯರ್ ಮಾಡಿಕೊಳ್ಳುವವರೂ ಇದ್ದಾರೆ, ಒಂದು ತುದಿಗೆ ಅವರ ಪ್ಲಗ್, ಇನ್ನೊಂದಕ್ಕೆ ಇವರದು. ಒಂದೆರಡು ದಿನಕ್ಕೆ ಸರಿ. ಹಂಗಾಮಿಡೀ ಅದರ ಮೇಲೆ ಓಡಿಸಿದರೆ ಸಡಿಲಾಗುವ ಜೋಡಣೆಗಳು ಇನ್ನೆರಡು ಹೆಚ್ಚಿದವು, ಅಷ್ಟೇ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮದ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು, ನಂಬರ್ ಪ್ಲೇಟ್ ಬಿಳಿ ದೀಪದಲ್ಲಿ 15 ಮೀಟರಿನಿಂದ ಓದಲು ಬರಬೇಕು. ಡಬ್ಬಿಗೂ ತನ್ನದೇ ನೋಂದಣಿ ಇರುತ್ತದೆ. ನಿಮ್ಮ ಟ್ರ್ಯಾಕ್ಟರಿನ ವಿಮೆಯಲ್ಲಿ ಈ ಬಾಡಿಗೆ ಡಬ್ಬಿಯ ನಂಬರ್ ಸೇರಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ.

ಕಾರ್ಖಾನೆಗಳಿಗೆ ನಮ್ಮದೊಂದು ಮನವಿ. ಸಾಗಾಣಿಕೆ ಕರಾರು ಬರೆಸಿಕೊಳ್ಳುವಾಗ ಟ್ರ್ಯಾಕ್ಟರ್ ಮತ್ತು ಡಬ್ಬಿ ಎರಡಕ್ಕೂ 12 ವೋಲ್ಟಿನ ಏಳು ಪಿನ್ ಸಾಕೆಟ್, ಮೇಲೆ ಹೇಳಿದ ಕ್ರಮದಲ್ಲೇ, ಇರಬೇಕೆಂಬ ಒಂದು ಸಾಲು ಸೇರಿಸಲಿ. ತೂಕದ ಕಾಟಾದ ಬಳಿ ಐದು ದೀಪಗಳಿರುವ ಒಂದು ಪರೀಕ್ಷಾ ಬೋರ್ಡ್ ತೂಗಿಹಾಕಲಿ. ಸಾಲಿನಲ್ಲಿ ಕಾಯುವ ಚಾಲಕ ತನ್ನ ಸಾಕೆಟ್ಟಿಗೆ ಸಿಕ್ಕಿಸಿ ತಾನೇ ನೋಡಿಕೊಳ್ಳುತ್ತಾನೆ. ಪಿನ್ನುಗಳ ಪಟ್ಟಿಯನ್ನು ಮರಾಠಿಯಲ್ಲಿ ಮಾತ್ರವಲ್ಲ, ಕನ್ನಡದಲ್ಲೂ ಅಚ್ಚು ಹಾಕಿಸಲಿ. ಆ ಸಾಲಿನಲ್ಲಿ ನಿಲ್ಲುವ ಚಾಲಕರಲ್ಲಿ ಬಹಳ ಮಂದಿ ಓದುವುದು ಕನ್ನಡವನ್ನೇ. ಊರ ಡಬ್ಬಿ ಕಟ್ಟುವ ವೆಲ್ಡಿಂಗ್ ಅಂಗಡಿಗಳವರು ಹೊಸ ಡಬ್ಬಿಯ ಡ್ರಾಬಾರಿನ ಮೇಲೆ ಪ್ಲಗ್ ಇಡಲೊಂದು ಖಾಲಿ ಸಾಕೆಟ್ಟನ್ನೂ ಹಿಂದಿನ ಡಬ್ಬಿಗೆಂದು ಒಂದು ಸಾಕೆಟ್ಟನ್ನೂ ಈಗಲೇ ಬೆಸೆದು ಕೊಡಲಿ. ಬಣ್ಣ ಹೊಡೆದ ಮೇಲೆ ಆ ಕೆಲಸಕ್ಕೆ ಯಾರೂ ವಾಪಸ್ ಬರುವುದಿಲ್ಲ.

ಇತಿ,
ಟ್ರ್ಯಾಕ್ಟರ್ ವಾಯರಿಂಗ್ ಕೆಲಸಗಾರರು,
ಉಮದಿ, ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ